ದೀಪ ಆರಲಿಲ್ಲ ಅಂತ ಬಾವಿಗೆ ಇಳಿಯಬೇಡಿ

ಕುಂಭ ಮಾಸ ಬಂತು. ಗೇರು ಹೂ ಬಿಟ್ಟಿದೆ, ತೋಟದ ಬಾವಿಯ ನೀರು ದಿನದಿನಕ್ಕೂ ಇಳಿಯುತ್ತಿದೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯವರಿಗೆ ಇದು ಪಂಪು ಹೊತ್ತುಕೊಂಡು ಓಡಾಡುವ ಕಾಲ. ಅದಕ್ಕೇ ಹೋದ ವರ್ಷ ನಮ್ಮಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ನಾಚಿಕೆಯ ಕಥೆ, ಆದರೂ ಓದಿ.

ಫೆಬ್ರವರಿ ಕೊನೆ. ಕರೆಂಟಿನ ಮೋಟರು ಸುಟ್ಟು ರಿವೈಂಡಿಂಗಿಗೆ ಕೊಟ್ಟಿದ್ದೆವು, ಅಡಿಕೆ ಸಸಿಗಳು ಬಾಡುತ್ತಿದ್ದವು, ಹಾಗಾಗಿ ನೆರೆಮನೆಯಿಂದ ಪೆಟ್ರೋಲಿನಲ್ಲಿ ಓಡುವ ಪಂಪು ತಂದೆವು. ಮೇಲಿಟ್ಟರೆ ನೀರೇ ಎಳೆಯಲಿಲ್ಲ. ಇಂಥ ಪಂಪು 7-8 ಮೀಟರಿಗಿಂತ ಕೆಳಗಿನ ನೀರು ಎಳೆಯುವುದಿಲ್ಲ, ನಮ್ಮ ಬಾವಿಯೋ 16 ಕೋಲು, ಅಂದರೆ 11 ಮೀಟರಿಗೂ ಜಾಸ್ತಿ ಆಳ. ಹಗ್ಗ ಕಟ್ಟಿ ಬಾವಿಯೊಳಗಿನ ಮುರಕಲ್ಲಿನ ಮೆಟ್ಟಿನ ಮೇಲೆ ಇಳಿಸಿದೆವು. ಅಲ್ಲೇ ಕೆಟ್ಟದ್ದು. ಅರ್ಧ ಗಂಟೆ ಓಡಿ ನಿಂತಿತು.

ಭಾವ ಇಳಿಯಲು ಹೊರಟ. ಮಾವ ಹಳಬರು, "ಮೊದಲು ದೀಪ ಇಳಿಸಿ ನೋಡುವ" ಅಂದರು. ಬಕೆಟ್ಟಿನಲ್ಲಿ ಕ್ಯಾಂಡಲ್ ಇಟ್ಟು ಬಿಟ್ಟೆವು. ಚೆಂದಕ್ಕೆ ಉರಿಯಿತು. ಸರಿ, ಗಾಳಿ ಇದೆ ಅಂತ ಭಾವ ಇಳಿದ. ಅಕ್ಕ ಹಟ ಹಿಡಿದು ಸೊಂಟಕ್ಕೆ ಹಗ್ಗ ಕಟ್ಟಿಸಿದ್ದಳು, ನಾವೆಲ್ಲ ನಕ್ಕಿದ್ದೆವು. ಸ್ವಲ್ಪ ಹೊತ್ತಿಗೆ "ತಲೆ ಸಿಡಿಯುತ್ತದೆ ಮಾರಾಯ" ಅಂತ ಕೇಳಿಸಿತು. ಆಮೇಲೆ ಮಾತಿಲ್ಲ. ನಾನು ಇಳಿಯಲು ಕಾಲಿಟ್ಟೆ, ಕೆಲಸಕ್ಕೆ ಬಂದವರೊಬ್ಬರು ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಇಲ್ಲದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ನಾಲ್ಕು ಜನ ಸೇರಿ ಹಗ್ಗ ಎಳೆದು ಭಾವನನ್ನು ಮೇಲೆ ತಂದೆವು. ಹಗ್ಗ ಇಲ್ಲದಿದ್ದರೆ 101ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕಾಯಬೇಕು, ಬೇರೆ ದಾರಿಯಿಲ್ಲ.

ಮಾವನ ದೀಪದ ಲೆಕ್ಕ ಸುಳ್ಳಲ್ಲ. ಆಮ್ಲಜನಕ ಕಮ್ಮಿಯಾದರೆ ದೀಪ ಆರುತ್ತದೆ, ಮುಚ್ಚಿಬಿಟ್ಟ ಹಳೇ ಬಾವಿಗೆ ಅದು ಆಗಬಹುದು. ಆದರೆ ಅದು ಪಂಪಿಲ್ಲದ ಕಾಲದ ಪರೀಕ್ಷೆ. ಇಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ಸ್ವಲ್ಪವೇ ಇದ್ದರೂ ಸಾಕು, ದೀಪ ಉರಿಯುತ್ತಿರುವಾಗಲೇ ಮನುಷ್ಯ ಬೀಳುತ್ತಾನೆ. ಇಂಜಿನ್ ನಿಂತ ಮೇಲೂ ಅದು ಬಾವಿಯೊಳಗೆ ಉಳಿದಿರುತ್ತದೆ.

ಇನ್ನೊಂದು ಮೋಸ ಆಸ್ಪತ್ರೆಯಲ್ಲಿ. ಹತ್ತಿರದಲ್ಲೇ ತೋರಿಸಿದೆವು, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿದರೆ 98 ಬಂತು. "ಏನೂ ಇಲ್ಲ, ಸುಸ್ತು" ಅಂದರು. ಆ ಕ್ಲಿಪ್ಪಿಗೆ ಈ ವಿಷಗಾಳಿ ಹಿಡಿದ ರಕ್ತ ಯಾವುದು, ಒಳ್ಳೆಯದು ಯಾವುದು ಅಂತ ಗೊತ್ತಾಗುವುದಿಲ್ಲವಂತೆ. ಭಾವ ವಾಂತಿ ಮಾಡುತ್ತಲೇ ಇದ್ದ, ಕಾಲಿನಲ್ಲಿ ಬಲವಿಲ್ಲ. ಮಂಗಳೂರಿಗೆ ಓಡಿದೆವು. ಅಲ್ಲಿ ರಕ್ತ ತೆಗೆದು ನೋಡಿ ಕೂಡಲೇ ಮಾಸ್ಕಿನಲ್ಲಿ ಆಮ್ಲಜನಕ ಹಾಕಿದರು. ಸುಮ್ನೆ ಮನೆಯಲ್ಲಿ ಮಲಗಿಸಿದ್ದರೆ ಆ ವಿಷ ಅರ್ಧ ಇಳಿಯಲು 4-5 ಗಂಟೆ ಬೇಕು, ಮಾಸ್ಕಿನಲ್ಲಾದರೆ ಸುಮಾರು ಒಂದೂವರೆ ಗಂಟೆ. ನಾವು ಮಾಡಿದ ದೊಡ್ಡ ತಪ್ಪೆಂದರೆ ಮೊದಲನೇ ಡಾಕ್ಟರಿಗೆ "ಬಾವಿಯಲ್ಲಿ ತಲೆ ತಿರುಗಿ ಬಿದ್ದ" ಅಂತಷ್ಟೇ ಹೇಳಿದ್ದು. ಪಂಪಿನ ವಿಷಯ ಬಾಯಿ ಬಿಟ್ಟು ಹೇಳಿ.

ಈ ವರ್ಷ ಸಬ್‌ಮರ್ಸಿಬಲ್ ಹಾಕಿಸಿದ್ದೇವೆ. ಸಾಲ ಆಯಿತು, ಆಗಲಿ. ಮೊನ್ನೆ ಆ ನೆರೆಮನೆಯ ಅಣ್ಣನಲ್ಲಿ ಇದೆಲ್ಲ ಹೇಳಿದೆ. "ನಾನು ಬಾವಿಗೆ ಇಳಿಸುವುದಿಲ್ಲಪ್ಪ, ಸುರಂಗದ ಒಳಗೆ ಒಂದು ಹತ್ತು ಹೆಜ್ಜೆ ಇಡುವುದು ಅಷ್ಟೇ" ಅಂದರು. ನೀರಿಗೆಂದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲೂ ಅದೇ ಹೊಗೆ ನಿಲ್ಲುತ್ತದೆ.