ಓಹೋಸ್ ದೆಲ್ ಸಲಾದೋ: ಚಿಲಿ ಕಡೆಯಿಂದಲೋ, ಅರ್ಜೆಂಟೀನಾ ಕಡೆಯಿಂದಲೋ?

ಜಗತ್ತಿನ ಅತಿ ಎತ್ತರದ ಜ್ವಾಲಾಮುಖಿ ಓಹೋಸ್ ದೆಲ್ ಸಲಾದೋ. ಎತ್ತರ 6,893 ಮೀಟರ್. ಚಿಲಿ ಮತ್ತು ಅರ್ಜೆಂಟೀನಾದ ಗಡಿರೇಖೆ ಇದರ ನೆತ್ತಿಯ ಮೇಲೆಯೇ ಹಾದುಹೋಗುವುದರಿಂದ ಹತ್ತಲು ಎರಡು ದೇಶಗಳಿಂದಲೂ ದಾರಿ ಇದೆ. ಎರಡನ್ನೂ ಹತ್ತಿ ಇಳಿದ ಮೇಲೆ ನಮಗೆ ಸ್ಪಷ್ಟವಾಗಿದ್ದು ಇಷ್ಟು: ಇವೆರಡರ ನಡುವಿನ ನಿಜವಾದ ವ್ಯತ್ಯಾಸ ವಾಹನ. ಚಿಲಿ ಕಡೆ ಅದು 5,200 ಮೀಟರ್ ದಾಟಿಯೂ ಹೋಗುತ್ತದೆ. ಅರ್ಜೆಂಟೀನಾ ಕಡೆಯ ಕಸಾದೇರೋ ಕಣಿವೆಯಲ್ಲಿ ನಡೆಯಬೇಕು, ಸಾಮಾನು ಹೇಸರಗತ್ತೆಯ ಬೆನ್ನಿಗೆ.

ಚಿಲಿಯ ದಾರಿ ಕೊಪಿಯಾಪೋ ಊರಿಂದ ಶುರು. ಆ ಊರು ಸಮುದ್ರಮಟ್ಟದಿಂದ 400 ಮೀಟರ್ ಕೂಡ ಮೇಲಿಲ್ಲ. ಅಲ್ಲಿಂದ ಹೊರಟು ಅದೇ ಸಂಜೆ 3,700 ಮೀಟರ್ ದಾಟಿದ ಸಾಂತಾ ರೋಸಾ ಸರೋವರದ ದಡದಲ್ಲಿ ಟೆಂಟ್ ಹಾಕಬಹುದು. ತೊಂದರೆ ಶುರುವಾಗುವುದೂ ಇಲ್ಲೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬ ನಿಯಮವನ್ನು ವಾಹನ ಒಂದೇ ದಿನದಲ್ಲಿ ಮುರಿದುಹಾಕುತ್ತದೆ. ಹಾಗಾಗಿ ಸಾಂತಾ ರೋಸಾದಲ್ಲಿ ಮೂರು ರಾತ್ರಿ, 4,300 ಮೀಟರ್‌ನ ಲಗೂನಾ ವೆರ್ದೆ ಸರೋವರದ ಬಳಿ ಮೂರು ರಾತ್ರಿ ಕಳೆಯಲೇಬೇಕು. ನಡುವೆ ಒಂದು ದಿನ 6,000 ಮೀಟರ್ ಮುಟ್ಟುವ ಸಾನ್ ಫ್ರಾನ್ಸಿಸ್ಕೋ ಶಿಖರ ಹತ್ತಿ ಇಳಿದರೆ ದೇಹ ಎಷ್ಟು ಒಗ್ಗಿದೆ ಎಂಬುದು ಗೊತ್ತಾಗುತ್ತದೆ. ಅಲ್ಲಿ ಊಟ ಸೇರದಿದ್ದರೆ, ತಲೆನೋವು ರಾತ್ರಿ ಕಳೆದರೂ ಇಳಿಯದಿದ್ದರೆ ಮುಂದೆ ಹೋಗಬೇಡಿ. ಒಟ್ಟು ಹನ್ನೆರಡು, ಹದಿಮೂರು ದಿನ ಇಟ್ಟುಕೊಳ್ಳಿ. ಎಂಟು ದಿನದಲ್ಲಿ ಮುಗಿಸುತ್ತೇವೆ ಎಂದು ಹೊರಡುವವರು ಹೆಚ್ಚಾಗಿ 5,200 ಮೀಟರ್ ಎತ್ತರದ ಅತಕಾಮಾ ಶಿಬಿರದಿಂದಲೇ ವಾಂತಿ ಮಾಡುತ್ತಾ ಹಿಂದಿರುಗುತ್ತಾರೆ.

ಅರ್ಜೆಂಟೀನಾ ಕಡೆ ಈ ಅವಸರಕ್ಕೆ ಆಸ್ಪದವೇ ಇಲ್ಲ. ಫಿಯಂಬಲಾ ಊರೇ 1,500 ಮೀಟರ್ ಎತ್ತರದಲ್ಲಿದೆ. ಗಡಿಯವರೆಗೂ ಒಳ್ಳೆಯ ಡಾಂಬರು ರಸ್ತೆ, ಸುಮಾರು 200 ಕಿ.ಮೀ. ಕಣಿವೆಯ ನಡಿಗೆ ಶುರುವಾದ ಮೇಲೆ ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ದೇಹವೂ ಅದರ ಜೊತೆಗೇ ಒಗ್ಗುತ್ತದೆ. ದಾರಿಯಲ್ಲಿ ಹೊಳೆನೀರು ಸಿಗುವುದು ದೊಡ್ಡ ಅನುಕೂಲ. ಆದರೆ ಆ ನೀರಲ್ಲಿ ಲವಣ ಹೆಚ್ಚು, ಕೆಲವರಿಗೆ ಹೊಟ್ಟೆ ಕೆಡುತ್ತದೆ. ಬೆಲೆ ತೆರಬೇಕಾದ್ದು ದಿನಗಳಲ್ಲಿ: ಹೋಗಿ ಬರಲು ಎರಡು ವಾರವಾದರೂ ಬೇಕು, ಹೇಸರಗತ್ತೆಯವರನ್ನು ಮೊದಲೇ ಗೊತ್ತುಮಾಡಿರಬೇಕು. ಹವಾಮಾನ ಕೆಟ್ಟರೆ ಕಾಯಲು ಇನ್ನೂ ಎರಡು ದಿನದ ಊಟ ಹೊರಬೇಕು.

ಚಿಲಿ ಕಡೆ ನೀರಿನ ಲೆಕ್ಕವೇ ಬೇರೆ. ಲಗೂನಾ ವೆರ್ದೆಯ ಹಸಿರು ನೀರು ನೋಡಲು ಮಾತ್ರ, ಅದು ಉಪ್ಪು. ಕುಡಿಯಲು, ಬೇಯಿಸಲು ಒಬ್ಬರಿಗೆ ದಿನಕ್ಕೆ 5 ಲೀಟರ್ ಹಿಡಿದರೆ ಇಬ್ಬರಿಗೆ ಹತ್ತು ದಿನಕ್ಕೆ 100 ಲೀಟರ್, ಅಂದರೆ ತಲಾ 18 ಲೀಟರ್ ತುಂಬಿದ 20 ಲೀಟರಿನ ಆರು ಕ್ಯಾನ್ ಆಯಿತು. ಕ್ಯಾನನ್ನು ಕಂಠಪೂರ್ತಿ ತುಂಬಬೇಡಿ. ಹತ್ತರಲ್ಲಿ ಒಂದು ಭಾಗ ಖಾಲಿ ಬಿಡದಿದ್ದರೆ ರಾತ್ರಿ ಹೆಪ್ಪುಗಟ್ಟಿ ಉಬ್ಬಿ ಅಂಚಿನಲ್ಲಿ ಬಿರಿಯುತ್ತದೆ. ಹೀಗೆ ಬಿರಿದದ್ದು ಮಂಜು ಕರಗಿ ನೀರು ಸೋರುವ ತನಕ ತಿಳಿಯುವುದೇ ಇಲ್ಲ. ಶಿಖರಕ್ಕೆ ಒಯ್ಯುವ ಬಾಟಲಿಯನ್ನು ಚೀಲದಲ್ಲಿ ಮುಚ್ಚಳ ಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಯಿ ತೆರೆದೇ ಇರುತ್ತದೆ.

ವಾಹನಕ್ಕೂ ಎತ್ತರದ ಕಾಯಿಲೆ ಇದೆ. ಟರ್ಬೋ ಇಲ್ಲದ ಎಂಜಿನ್ ಅತಕಾಮಾ ಶಿಬಿರದ ಹೊತ್ತಿಗೆ ಅರ್ಧದಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಕೊಪಿಯಾಪೋದಲ್ಲಿ ಗಾಳಿ ತುಂಬಿಸಿದ ಟೈರು ಮೇಲೆ ಹೋದಂತೆ ಬಿಗಿಯುತ್ತದೆ, ಹೊರಗಿನ ಗಾಳಿಯ ಒತ್ತಡ ಇಳಿಯುವುದರಿಂದ ಮೀಟರ್ ಐದಾರು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಅತಕಾಮಾದಿಂದ ಮೇಲಿನ ಬೂದಿ ಮರಳಿನಲ್ಲಿ 18 ಪಿಎಸ್‌ಐವರೆಗೆ ಇಳಿಸದಿದ್ದರೆ ಚಕ್ರ ಹೂತುಹೋಗುತ್ತದೆ. ಹಾಗೆ ಇಳಿಸಿದ ಗಾಳಿಯನ್ನು ಮತ್ತೆ ತುಂಬಲು ಕಂಪ್ರೆಸರ್ ಇಲ್ಲದೆ ಹೊರಟರೆ ಕೆಳಗೆ ಬರುವಷ್ಟರಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಕೊಪಿಯಾಪೋ ಬಿಟ್ಟ ಮೇಲೆ ಈ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ.

ಕಾಗದಪತ್ರ: ಗಡಿ ಪರ್ವತ ಹತ್ತುವ ವಿದೇಶಿಯರಿಗೆ ಗಡಿ ವಿಷಯ ನೋಡಿಕೊಳ್ಳುವ ಚಿಲಿಯ ದಿಫ್ರೋಲ್ ಇಲಾಖೆಯ ಅನುಮತಿ ಬೇಕು. ಹೊರಡುವ ಮೊದಲೇ ಪಡೆದುಕೊಂಡು ಮುದ್ರಿತ ಪ್ರತಿ ಇಟ್ಟುಕೊಳ್ಳಿ, ಮೇಲೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಚಿಲಿಯಲ್ಲಿ ಬಾಡಿಗೆಗೆ ಪಡೆದ ಕಾರನ್ನು ಗಡಿ ದಾಟಿಸಲು ಪ್ರತ್ಯೇಕ ಪತ್ರ ಬೇಕು.

ಕೊನೆಯ ಏರಿಗೆ ಬಂದರೆ, ಚಿಲಿ ಕಡೆ ಸುಮಾರು 5,830 ಮೀಟರ್‌ನಲ್ಲಿ ತೇಹೋಸ್ ತಂಗುದಾಣ ಇದೆ. ಹಡಗಿನ ಎರಡು ಕಂಟೇನರ್‌ಗಳನ್ನು ಜೋಡಿಸಿ ಮಾಡಿದ್ದು. ಅಲ್ಲಿಗೂ ಜೀಪ್ ಹೋಗುತ್ತದೆ, ಆದರೂ ನಮ್ಮ ಮಾತು ಕೇಳಿ: ಜೀಪನ್ನು ಅತಕಾಮಾದಲ್ಲೇ ಬಿಟ್ಟು ನಡೆಯಿರಿ. ಒಂದು ದಿನ ನೀರು, ಗ್ಯಾಸ್ ಹೊತ್ತು ಹೋಗಿ ಇಟ್ಟು ಇಳಿದು ಬನ್ನಿ, ಮರುದಿನವೋ ಅದರಾಚೆಯೋ ಮಲಗಲು ಹೋಗಿ. ಶಿಖರಕ್ಕೆ ಇನ್ನು 1,000 ಮೀಟರ್ ಚಿಲ್ಲರೆ, ಹತ್ತಲು ಎಂಟು ಹತ್ತು ಗಂಟೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ. ಸಡಿಲ ಜಲ್ಲಿಯ ಮೇಲೆ ಅಡ್ಡಡ್ಡ ಏರಿ, ಹಿಮದ ಪಟ್ಟಿಯೊಂದನ್ನು ಬೂಟಿಗೆ ಕ್ರ್ಯಾಂಪನ್ (ಲೋಹದ ಮುಳ್ಳುಪಟ್ಟಿ) ಕಟ್ಟಿ ದಾಟಿದರೆ ಕುಳಿಯ ಅಂಚು. ಆಮೇಲೆ ಬಂಡೆಯ ಕೊರಕಲು. ಅಲ್ಲಿ ಯಾರೋ ಬಿಟ್ಟುಹೋದ ಹಗ್ಗಗಳು ಜೋತಾಡುತ್ತಿರುತ್ತವೆ. ಅವನ್ನು ನಂಬಬೇಡಿ. ಬಿಸಿಲಿಗೆ ಹೊರಕವಚ ಬಿಳಚಿ ಒರಟಾಗಿರುತ್ತದೆ, ಬೆರಳಲ್ಲಿ ಉಜ್ಜಿದರೆ ಎಳೆ ಉದುರುತ್ತದೆ. 30 ಮೀಟರ್ ಸ್ವಂತ ಹಗ್ಗ ಇರಲಿ. ಮಧ್ಯಾಹ್ನ ಪಶ್ಚಿಮದ ಗಾಳಿ ಜೋರಾಗುತ್ತದೆ, ಒಂದು ಗಂಟೆಗೆ ಎಲ್ಲಿದ್ದರೂ ಹಿಂದಿರುಗಿ.

ಮೊದಲ ಬಾರಿ 6,000 ಮೀಟರ್ ದಾಟುವವರಿಗೆ ನಾವು ಹೇಳುವುದು ಚಿಲಿ ಕಡೆಯನ್ನೇ, ದಿನಗಳನ್ನು ಕಡಿತಗೊಳಿಸುವುದಿಲ್ಲ ಎಂದಾದರೆ ಮಾತ್ರ. ಕಾರಣ ಇಳಿಯುವ ವೇಗ. ಶ್ವಾಸಕೋಶದಲ್ಲಿ ನೀರು ಸೇರಿದರೆ, ಹತ್ತು ನಿಮಿಷ ಕೂತರೂ ಏದುಸಿರು ನಿಲ್ಲದಿದ್ದರೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಯಲಾಗದಿದ್ದರೆ ತಕ್ಷಣ ಇಳಿಸಬೇಕು. ಅತಕಾಮಾದಿಂದ ಜೀಪ್ ಕೆಲವೇ ಗಂಟೆಯಲ್ಲಿ 4,300ಕ್ಕೆ ತಲುಪಿಸುತ್ತದೆ. ಅರ್ಜೆಂಟೀನಾ ಕಡೆಯ ಮೇಲಿನ ಶಿಬಿರದಿಂದ ಅದು ಒಂದು ಇಡೀ ದಿನದ ಕೆಲಸ. ಅದಕ್ಕೇ ಶಿಖರಕ್ಕೆ ಹೋಗದ ಒಬ್ಬ ಚಾಲಕ ಕೀಲಿ ಹಿಡಿದು ಅತಕಾಮಾದಲ್ಲೇ ಉಳಿದಿರಬೇಕು, ದಿನಕ್ಕೆರಡು ಬಾರಿ ಎಂಜಿನ್ ಚಾಲೂ ಮಾಡಿ ನೋಡುತ್ತಿರಬೇಕು.