ವಾರ್ಮರ್ ಕೊಳ್ಳುವ ಮುಂಚೆ ಅಪ್ಗಾರ್ ಟೈಮರ್ ಒತ್ತಿ ನೋಡಿ

ನಾನು ಲೇಬರ್ ರೂಮಿನಲ್ಲಿ ಸ್ಟಾಫ್ ನರ್ಸ್. ಹುಟ್ಟಿದ ಮಗುವನ್ನು ಒರೆಸಿ ಬೆಚ್ಚಗಿಡಲು ಮಲಗಿಸುತ್ತೇವಲ್ಲ, ಮೇಲೆ ಹೀಟರ್ ಇರುವ ಪುಟ್ಟ ಮಂಚ, ಅದೇ ವಾರ್ಮರ್. ನಮ್ಮಲ್ಲಿ ಹಳೆಯದು ಕೆಟ್ಟು ಹೊಸದು ಬಂದಿದೆ. ಬಳಸಿ ಚೆನ್ನಾಗಿ ಪರಿಚಯವಾದ ಮೇಲೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ. ಬೇರೆ ಮಾಡೆಲ್ ನೋಡುತ್ತಿರುವವರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಆಸೆ.

ಹೀಟರ್ ವಿಷಯ ಬೇಗ ಮುಗಿಸುತ್ತೇನೆ. ಚೆನ್ನಾಗಿದೆ. ಸ್ಕಿನ್ ಮೋಡ್‌ನಲ್ಲಿ, ಅಂದರೆ ಮಗುವಿನ ಮೈಶಾಖ ನೋಡಿ ಹೀಟರ್ ತಾನೇ ಹೊಂದಿಕೊಳ್ಳುವ ಹಾಗೆ, 36.5 ಡಿಗ್ರಿ ಇಟ್ಟು, ಶಾಖ ಅಳೆಯುವ ಪ್ರೋಬನ್ನು ಮಗುವಿನ ಹೊಟ್ಟೆಯ ಬಲಗಡೆ ಮೇಲ್ಭಾಗಕ್ಕೆ ಅಂಟಿಸಿದರೆ ತನ್ನ ಪಾಡಿಗೆ ತಾನು ನೋಡಿಕೊಳ್ಳುತ್ತದೆ. ಪ್ರೋಬ್ ಕಿತ್ತುಬಂದರೆ ಕೂಗುತ್ತದೆ. ಪಕ್ಕದ ತಡೆಗಳು ಗಟ್ಟಿಯಾಗಿವೆ, ಡ್ರಾಯರ್ ಸ್ವಲ್ಪ ಬಿಗಿ. ಅಷ್ಟೇ.

ನನಗೆ ಹೇಳಬೇಕಾಗಿರುವುದು ಪ್ಯಾನೆಲ್ಲಿನ ಒಂದು ಗುಂಡಿಯ ಬಗ್ಗೆ. ಅದರ ಮೇಲೆ ಅಪ್ಗಾರ್ ಅಂತ ಬರೆದಿದೆ. ಮಗು ಪೂರ್ತಿ ಹೊರಬಂದ ಕ್ಷಣ ಅದನ್ನು ಒತ್ತಬೇಕು. ಸೆಕೆಂಡುಗಳು ಓಡಲು ಶುರುವಾಗುತ್ತವೆ. 1 ನಿಮಿಷಕ್ಕೆ ಬೀಪ್, 5ಕ್ಕೆ ಬೀಪ್, 10ಕ್ಕೆ ಮತ್ತೆ ಬೀಪ್. ಪ್ರತಿ ಬೀಪಿಗೂ ಒಬ್ಬರು ಮಗುವನ್ನು ನೋಡಿ ಐದು ಸಂಗತಿಗೆ ಅಂಕ ಕೊಡಬೇಕು: ಎದೆಬಡಿತ, ಉಸಿರು, ಕೈಕಾಲಿನ ಬಿಗಿ, ಕೆಣಕಿದರೆ ಮುಖ ಕಿವುಚುತ್ತದಾ, ಮೈಬಣ್ಣ. ಒಂದೊಂದಕ್ಕೆ 0, 1 ಅಥವಾ 2. ಒಟ್ಟು 10. ಎದೆಬಡಿತ ನಿಮಿಷಕ್ಕೆ 100ಕ್ಕಿಂತ ಕಡಿಮೆಯಿದ್ದರೆ 1, ಇಲ್ಲವೇ ಇಲ್ಲದಿದ್ದರೆ 0. ಒಟ್ಟು 7 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ನೆಮ್ಮದಿ.

ಡೆಮೊಗೆ ಬಂದವರು ಈ ಗುಂಡಿಯನ್ನು ಸುಮ್ನೆ ಬೆರಳಿಟ್ಟು ತೋರಿಸಿ ಮುಂದೆ ಹೋದರು. ನನಗೆ ಬೇಜಾರಾಯಿತು. ಇಡೀ ಯಂತ್ರದಲ್ಲಿ ಬುದ್ಧಿ ಇರುವುದೇ ಅಲ್ಲಿ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಹೇಳಬೇಕಾದರೆ ಆ ಅಂಕಪಟ್ಟಿ ಮಾಡಿದವರ ವಿಷಯ ಹೇಳಲೇಬೇಕು.

ಡಾ. ವರ್ಜೀನಿಯಾ ಅಪ್ಗಾರ್ ಮಕ್ಕಳ ಡಾಕ್ಟರ್ ಅಲ್ಲ, ಹೆರಿಗೆ ಡಾಕ್ಟರೂ ಅಲ್ಲ. ಅರಿವಳಿಕೆ ಕೊಡುತ್ತಿದ್ದವರು. 1909ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರು, 1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆದರು. ಆಸೆ ಇದ್ದದ್ದು ಸರ್ಜರಿ ಮೇಲೆ. ಅಲ್ಲಿನ ಸರ್ಜರಿ ಮುಖ್ಯಸ್ಥ ಅಲೆನ್ ವಿಪಲ್ ಅವರು, ಹೆಂಗಸು ಸರ್ಜನ್ ಆಗಿ ಬದುಕು ಕಟ್ಟಿಕೊಳ್ಳುವುದು ಕಷ್ಟ, ಅರಿವಳಿಕೆ ಕಡೆ ಹೋಗು ಅಂತ ತಿರುಗಿಸಿದರು. ಆಗ ಆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತಿದ್ದವರು ನರ್ಸ್‌ಗಳು. ಅಪ್ಗಾರ್ ಮೊದಲ ಪಾಠ ಕಲಿತದ್ದು ಅವರ ಹತ್ತಿರವೇ, ಇದನ್ನು ಬರೆಯುವಾಗ ನನಗೆ ತುಂಬ ಹೆಮ್ಮೆಯಾಗುತ್ತದೆ. ಆಮೇಲೆ 1937ರಲ್ಲಿ ವಿಸ್ಕಾನ್ಸಿನ್‌ಗೆ ಹೋಗಿ ಅರಿವಳಿಕೆ ತಜ್ಞ ರಾಲ್ಫ್ ವಾಟರ್ಸ್ ಅವರ ಬಳಿ ತರಬೇತಿ ಪಡೆದು, 1938ರಲ್ಲಿ ಕೊಲಂಬಿಯಾಕ್ಕೆ ವಾಪಸು ಬಂದು ಅರಿವಳಿಕೆ ವಿಭಾಗ ಕಟ್ಟಲು ನಿಂತರು. ಹತ್ತು ವರ್ಷಕ್ಕೂ ಜಾಸ್ತಿ ದುಡಿದರು. 1949ರಲ್ಲಿ ಅದು ಸ್ವತಂತ್ರ ವಿಭಾಗ ಆದಾಗ ಮುಖ್ಯಸ್ಥರ ಕುರ್ಚಿ ಮಾತ್ರ ಇಮ್ಯಾನುಯೆಲ್ ಪ್ಯಾಪರ್ ಅನ್ನುವ ಇನ್ನೊಬ್ಬ ಅರಿವಳಿಕೆ ಡಾಕ್ಟರಿಗೆ ಹೋಯಿತು. ಅಪ್ಗಾರ್ ಪ್ರೊಫೆಸರ್ ಆದರು, ಆ ಮೆಡಿಕಲ್ ಕಾಲೇಜಿನಲ್ಲಿ ಪೂರ್ಣ ಪ್ರೊಫೆಸರ್ ಆದ ಮೊದಲ ಹೆಂಗಸು. ಕುರ್ಚಿ ಅವರಿಗೇ ಸಿಗಬೇಕಿತ್ತು ಅಂತ ನನಗನ್ನಿಸುತ್ತದೆ. ಆದರೆ ಆಡಳಿತದ ಹೊರೆ ಇಳಿದದ್ದರಿಂದಲೇ ಅವರು ಹೆರಿಗೆ ಕೋಣೆಗೆ ಬಂದು ನಿಂತರು, ಅದೂ ನಿಜ.

ಅಲ್ಲಿ ಅವರು ಕೇಳಿದ ಪ್ರಶ್ನೆ ಇಷ್ಟೇ. ತಾಯಿಗೆ ನಾನು ಕೊಡುವ ಔಷಧಿ ಮಗುವಿಗೆ ಏನು ಮಾಡುತ್ತಿದೆ? ಹೆರಿಗೆ ಆದ ಕೂಡಲೇ ಎಲ್ಲರ ಗಮನ ತಾಯಿಯ ಕಡೆ. ಮಗುವಿನ ಸ್ಥಿತಿ ಹೇಗಿದೆ ಅಂತ ಎಲ್ಲರೂ ಒಂದೇ ರೀತಿ ಅಳೆದು ಬರೆಯುವ ಕ್ರಮವೇ ಇರಲಿಲ್ಲ. ಅಪ್ಗಾರ್ ಆಯ್ದುಕೊಂಡ ಐದು ಸಂಗತಿಗಳನ್ನು ಇನ್ನೊಮ್ಮೆ ನೋಡಿ. ನಾಡಿ, ಉಸಿರು, ಬಣ್ಣ, ಬಿಗಿ, ಪ್ರತಿಕ್ರಿಯೆ. ಆಪರೇಶನ್ ಟೇಬಲ್ಲಿನ ತಲೆಯ ಕಡೆ ನಿಂತ ಅರಿವಳಿಕೆ ಡಾಕ್ಟರ್ ಮಲಗಿದವರಲ್ಲಿ ನಿಮಿಷ ನಿಮಿಷಕ್ಕೂ ನೋಡುವುದು ಇವನ್ನೇ ಅಲ್ವಾ? ಅದೇ ಕಣ್ಣನ್ನು ಅವರು ಮಗುವಿನ ಕಡೆ ತಿರುಗಿಸಿದರು. 1952ರಲ್ಲಿ ಅರಿವಳಿಕೆ ತಜ್ಞರ ಸಭೆಯಲ್ಲಿ ಓದಿದರು, 1953ರಲ್ಲಿ ಅಚ್ಚಾಯಿತು.

ಅಂಕ ಕೈಗೆ ಬಂದ ಮೇಲೆ ಸುಮ್ಮನಿರಲಿಲ್ಲ. ಡಂಕನ್ ಹಾಲಡೇ ಮತ್ತು ಸ್ಟ್ಯಾನ್ಲಿ ಜೇಮ್ಸ್ ಅನ್ನುವ ಡಾಕ್ಟರ್‌ಗಳ ಜೊತೆ ಸೇರಿ ಹುಟ್ಟಿದ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಅಂಕ ಕಡಿಮೆ ಇದ್ದ ಮಕ್ಕಳ ರಕ್ತದಲ್ಲಿ ಆಮ್ಲಜನಕ ಕಡಿಮೆ, ಆಮ್ಲ ಜಾಸ್ತಿ. ಕಣ್ಣಲ್ಲಿ ನೋಡಿ ಕೊಟ್ಟ ಅಂಕಕ್ಕೆ ರಕ್ತವೇ ಸಾಕ್ಷಿ ಹೇಳಿತು. ತಾಯಂದಿರಿಗೆ ಆಗ ಸೈಕ್ಲೋಪ್ರೊಪೇನ್ ಅನ್ನುವ ಗ್ಯಾಸ್ ಕೊಡುತ್ತಿದ್ದರು, ಬೇಗ ಮಂಪರು ಬರುತ್ತಿತ್ತು ಅಂತ. ಅದು ಮಾಸುಚೀಲ ದಾಟಿ ಮಗುವನ್ನೂ ಮಂಕಾಗಿಸುತ್ತದೆ ಅಂತ ಇವರ ಕೆಲಸದಿಂದ ತಿಳಿಯಿತು. ಹೆರಿಗೆಯಲ್ಲಿ ಅದರ ಬಳಕೆ ಇಳಿಯಿತು. ತಮ್ಮ ಕೈಯಾರೆ ಕೊಡುತ್ತಿದ್ದ ಔಷಧಿಯನ್ನೇ ಪರೀಕ್ಷೆಗೆ ಒಡ್ಡುವುದು ಅಂದರೆ ಸಣ್ಣ ಮಾತಲ್ಲ.

ಈಗ ಗುಂಡಿಗೆ ಬರುತ್ತೇನೆ. ಒಂದು ನಿಮಿಷದ ಅಂಕವನ್ನು ಒಂದು ನಿಮಿಷಕ್ಕೇ ನೋಡಬೇಕು. ಕೆಲಸ ಎಲ್ಲ ಮುಗಿದ ಮೇಲೆ ಕೇಸ್ ಶೀಟ್ ಬರೆಯುವಾಗ ನೆನಪಿನಿಂದ 8, 9 ಅಂತ ತುಂಬುವ ಅಭ್ಯಾಸ ಬಹಳ ಕಡೆ ಇದೆ. ಅತ್ತಿತು, ಚೆನ್ನಾಗಿತ್ತು, ಬರಿ 8 ಅಂತ. ಅಂಥ ಅಂಕದಿಂದ ಮಗುವಿಗೆ ಏನೂ ಪ್ರಯೋಜನವಿಲ್ಲ. ಬೀಪ್ ಬಂದರೆ ಕೈ ನಿಲ್ಲುತ್ತದೆ, ಕಣ್ಣು ಮಗುವಿನ ಕಡೆ ಹೋಗುತ್ತದೆ. ನಮ್ಮಲ್ಲಿ ಈಗ ಒಬ್ಬರು ಜೋರಾಗಿ ಅಂಕ ಹೇಳುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಹೆರಿಗೆ ಮಾಡಿಸಿದವರು ಅಂಕ ಕೊಡಬಾರದು, ಬೇರೆಯವರು ಕೊಡಬೇಕು ಅಂತ ಅಪ್ಗಾರ್ ಅವರೇ ಹೇಳಿದ್ದಾರೆ. ಸರಿಯಾದ ಮಾತು. ತಾನು ಮಾಡಿಸಿದ ಹೆರಿಗೆಯ ಮಗುವಿಗೆ ಕಡಿಮೆ ಅಂಕ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಹೊಸಬರಿಗೆ ಒಂದು ಎಚ್ಚರಿಕೆ. ಬೀಪ್ ಬರಲಿ ಅಂತ ಕಾಯುತ್ತಾ ನಿಲ್ಲಬೇಡಿ. ಮಗು ಉಸಿರಾಡದಿದ್ದರೆ ಒರೆಸಿ, ಬೆನ್ನುಜ್ಜಿ, ಆಗಲೂ ಆಗದಿದ್ದರೆ ಉಸಿರು ತುಂಬುವ ಬ್ಯಾಗ್ ಮಾಸ್ಕ್ ಹಿಡಿಯುವ ಕೆಲಸ ಮೊದಲ ನಿಮಿಷದ ಒಳಗೇ ಶುರುವಾಗಬೇಕು. ತಂದೆ ತಾಯಿಗೂ ಹೇಳುತ್ತೇನೆ. ಡಿಸ್ಚಾರ್ಜ್ ಶೀಟಿನಲ್ಲಿ 1 ನಿಮಿಷಕ್ಕೆ 5 ಅಂತ ಇದ್ದರೆ ಮಗು ಮುಂದೆ ದಡ್ಡ ಆಗುತ್ತದೆ ಅಂತ ಹೆದರಬೇಡಿ. ಆ ಹೊತ್ತಿನ ಸ್ಥಿತಿ ಹೇಳುವುದಕ್ಕೆ ಮಾಡಿದ ಅಂಕ ಅದು, ಒಂದು ಮಗುವಿನ ಭವಿಷ್ಯ ಹೇಳುವುದಕ್ಕಲ್ಲ.

ಇನ್ನು ಈ ಟೈಮರಿನ ಕೊರತೆಗಳು. ಮೊದಲನೆಯದು ಸದ್ದು, ತೀರಾ ಮೆಲ್ಲಗೆ. ಈಗ ಹೊಕ್ಕುಳಬಳ್ಳಿಯನ್ನು ಕೂಡಲೇ ಕತ್ತರಿಸುವುದಿಲ್ಲ, ಮಗು ಚೆನ್ನಾಗಿದ್ದರೆ 1ರಿಂದ 3 ನಿಮಿಷ ಬಿಡುತ್ತೇವೆ. ಅಂದರೆ ಮೊದಲ ಬೀಪ್ ಬರುವಾಗ ಮಗು ತಾಯಿಯ ಹೊಟ್ಟೆ ಮೇಲಿರುತ್ತದೆ, ವಾರ್ಮರ್ ಆ ಕಡೆ ಗೋಡೆ ಹತ್ತಿರ. ತಾಯಿ ಅಳುತ್ತಿರುತ್ತಾಳೆ, ಸಕ್ಷನ್ ಮೆಷಿನ್ ಗುರ್ ಅನ್ನುತ್ತಿರುತ್ತದೆ. ಅಲ್ಲಿಗೆ ಕೇಳಿಸಬೇಕಲ್ವಾ? ಸದ್ದು ಜಾಸ್ತಿ ಮಾಡುವ ಸೆಟ್ಟಿಂಗ್ ಇದರಲ್ಲಿ ಇಲ್ಲ. ಅಂಕಿಗಳೂ ಸಣ್ಣವು, ಹೆರಿಗೆ ಟೇಬಲ್ಲಿನಿಂದ ಓದಲಾಗುವುದಿಲ್ಲ. ಎರಡನೆಯದು, ಕರೆಂಟ್ ಹೋಗಿ ಜನರೇಟರ್ ಹತ್ತಿಕೊಳ್ಳುವಷ್ಟರಲ್ಲಿ ಟೈಮರ್ ಮತ್ತೆ ಸೊನ್ನೆಗೆ ಬರುತ್ತದೆ. ಹಾಗಾಗಿ ಸೆಕೆಂಡ್ ಮುಳ್ಳಿನ ಗೋಡೆ ಗಡಿಯಾರವನ್ನು ತೆಗೆಯಲು ನಾವು ಬಿಟ್ಟಿಲ್ಲ.

ಮೂರನೆಯದು ಲೈಟ್. ಇದರ ಪರೀಕ್ಷೆ ದೀಪ ಹಳದಿ. ಬಣ್ಣಕ್ಕೆ ಅಂಕ ಕೊಡುವಾಗ ಹಳದಿ ಬೆಳಕು ಮೋಸ ಮಾಡುತ್ತದೆ. ಬಣ್ಣದ ಅಂಕ ಮೊದಲೇ ತಕರಾರಿನದು. ಐದರಲ್ಲಿ ಅತ್ಯಂತ ಅತೃಪ್ತಿಕರವಾದದ್ದು ಇದೇ ಅಂತ ಅಪ್ಗಾರ್ 1953ರಲ್ಲೇ ಬರೆದಿದ್ದರು. ನಮ್ಮ ಮಕ್ಕಳ ಮೈಬಣ್ಣದಲ್ಲಿ ಇದು ಇನ್ನೂ ಕಷ್ಟ. ತುಟಿ, ನಾಲಿಗೆ ಮತ್ತು ಬಾಯೊಳಗೆ ನೋಡಿ. ಅಂಗೈ ಅಂಗಾಲು ಮೊದಲಲ್ಲಿ ನೀಲಿ ಇದ್ದರೆ ಗಾಬರಿ ಬೇಡ. ಬಿಳಿ ಎಲ್‌ಇಡಿ ಇರುವ ಮಾಡೆಲ್ ಸಿಕ್ಕರೆ ಅದನ್ನೇ ತಗೊಳ್ಳಿ.

ಅಪ್ಗಾರ್ ಅವರ ಬದುಕಿನ ಎರಡನೇ ಭಾಗ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ, ಅದನ್ನು ಬಿಟ್ಟು ಮುಗಿಸಲು ಮನಸ್ಸಿಲ್ಲ. ಅಂಕ ಕಡಿಮೆ ಬರಲು ಅರಿವಳಿಕೆಯೊಂದೇ ಕಾರಣ ಅಲ್ಲ. ಕೆಲವು ಮಕ್ಕಳಿಗೆ ತೊಂದರೆ ಆಗಿರುವುದು ಎಂಟು ತಿಂಗಳ ಹಿಂದೆ, ಅಂಗಾಂಗ ಮೂಡುವ ಹೊತ್ತಿನಲ್ಲಿ. 1959ರಲ್ಲಿ, ಐವತ್ತು ವಯಸ್ಸಿನಲ್ಲಿ, ಅವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ ಮುಗಿಸಿ, ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಯಲ್ಲಿ ಹುಟ್ಟಿನಿಂದ ಬರುವ ಅಂಗದೋಷಗಳ ವಿಭಾಗಕ್ಕೆ ಮುಖ್ಯಸ್ಥರಾದರು. ಪೋಲಿಯೊ ವಿರುದ್ಧ ಶುರುವಾದ ಸಂಸ್ಥೆ ಅದು, ಲಸಿಕೆ ಬಂದ ಮೇಲೆ ಈ ಕಡೆ ತಿರುಗಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪಾಠವಾಗಿ ಹೇಳಿದರು. ಗರ್ಭದಲ್ಲಿ ನಾಲ್ಕನೇ ವಾರಕ್ಕೆ ಹೃದಯ ಬಡಿಯಲು ಶುರುವಾಗಿರುತ್ತದೆ, ಮೆದುಳು ಮತ್ತು ಬೆನ್ನುಹುರಿ ಆಗುವ ಕೊಳವೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತ ಆಗಿನ್ನೂ ಗೊತ್ತೇ ಇರುವುದಿಲ್ಲ.

1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿತು. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಅದು ಬಂದರೆ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ. ಸುಮಾರು 20,000 ಮಕ್ಕಳು ಹಾಗೆ ಹುಟ್ಟಿದರು. ಆಮೇಲೆ ಲಸಿಕೆ ಬಂದಾಗ ಹಾಕಿಸಿ ಅಂತ ಅಪ್ಗಾರ್ ಊರೂರು ತಿರುಗಿ ಹೇಳಿದರು. ನಮ್ಮ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ಶಾಲೆಗಳಲ್ಲಿ ಹಾಕಿದ್ದು ಇದೇ ರುಬೆಲ್ಲಾ ವಿರುದ್ಧ. ಆಗ ವಾಟ್ಸಾಪ್ ಸುದ್ದಿ ನಂಬಿ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡವರೂ ಇದ್ದರು. ಹೆಣ್ಣುಮಕ್ಕಳಿರುವ ಮನೆಯವರು ದಯವಿಟ್ಟು ಲಸಿಕೆ ತಪ್ಪಿಸಬೇಡಿ. ಐದು ನಿಮಿಷದ ಬೀಪ್ ಆದ ಮೇಲೆ ಮಗುವನ್ನು ತಲೆಯಿಂದ ಕಾಲಿನವರೆಗೆ ನೋಡುತ್ತೇವೆ, ಅಂಗುಳ, ಬೆನ್ನು, ಮಲದ್ವಾರ ಎಲ್ಲ. ಅಲ್ಲಿ ಕಾಣುವ ಕೆಲವು ದೋಷಗಳನ್ನು ಮೊದಲೇ ತಡೆಯಬಹುದಿತ್ತು ಅನ್ನುವುದು ಸಂಕಟದ ವಿಷಯ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು ಕೊಡುತ್ತೇನೆ. ಸದ್ದು ಮತ್ತು ಲೈಟ್‌ಗೆ ಒಂದು ಕಡಿತ. ನರ್ಸಿಂಗ್ ಹೋಮ್ ನಡೆಸುವವರು, ತಾಲ್ಲೂಕು ಆಸ್ಪತ್ರೆಗೆ ಕೊಡಿಸಲು ಹಣ ಕೂಡಿಸುವ ಸಂಘದವರು ಕೊಟೇಶನ್ ಕೇಳುವಾಗಲೇ ಬರೆಸಿ: ಟೈಮರ್ ಸದ್ದು ಹೆಚ್ಚು ಕಡಿಮೆ ಮಾಡುವಂತಿರಬೇಕು, ಕರೆಂಟ್ ಹೋದರೂ ಎಣಿಕೆ ನಿಲ್ಲಬಾರದು, ದೀಪ ಬಿಳಿ ಇರಬೇಕು. ಡೆಮೊ ದಿನ ಲೇಬರ್ ರೂಮಿನ ಸಿಸ್ಟರ್ ಒಬ್ಬರನ್ನು ಕರೆಯಿರಿ. ಒದ್ದೆ ಗ್ಲೌಸ್ ಹಾಕಿಕೊಂಡು ಅವರು ಗುಂಡಿ ಒತ್ತಲಿ, ನೀವು ಹೆರಿಗೆ ಟೇಬಲ್ ಹತ್ತಿರ ನಿಂತು ಬೀಪ್ ಕೇಳಿಸುತ್ತದಾ ನೋಡಿ.