ಎಲಿಜಬೆತ್ ಲಾಫ್ಟಸ್ ಅವರ ‘ಐವಿಟ್‌ನೆಸ್ ಟೆಸ್ಟಿಮನಿ’: ಹಳೇ ಪುಸ್ತಕ, ಈಗಲೂ ಧೈರ್ಯವಾಗಿ ಕೊಳ್ಳಿ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆ ನಮಗೆಲ್ಲ ಬಾಯಿಪಾಠ. ಆದರೆ ಕಟಕಟೆ ಹತ್ತಿದ ಸಾಕ್ಷಿ ಆರೋಪಿ ಕಡೆ ಕೈ ತೋರಿಸಿ ‘ಇವನೇ ಸ್ವಾಮಿ, ಕಣ್ಣಾರೆ ನೋಡಿದ್ದೇನೆ’ ಅಂದ ಮೇಲೆ ಪ್ರಮಾಣಿಸಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆ ತಾಳ್ಮೆ ಯಾಕೆ ಬೇಕೇ ಬೇಕು ಅನ್ನುವುದನ್ನು ಪ್ರಯೋಗ ಮಾಡಿ ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್. ಅವರ ಈ ಪುಸ್ತಕವನ್ನು ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ 1979ರಲ್ಲಿ ತಂದಿತು. 1996ರಲ್ಲಿ ಹೊಸ ಮುನ್ನುಡಿ ಸೇರಿಸಿ ಮತ್ತೆ ಅಚ್ಚು ಹಾಕಿದರು. ಕೊಳ್ಳುವುದಾದರೆ ಆ ಮುದ್ರಣವನ್ನೇ ಹುಡುಕಿ.

ಸುಮಾರು 250 ಪುಟ ಅಷ್ಟೇ. ಇಂಗ್ಲಿಷ್ ಸರಳವಾಗಿದೆ.

ನನ್ನನ್ನು ಹಿಡಿದು ಕೂರಿಸಿದ್ದು ಶುರುವಿನಲ್ಲೇ ಬರುವ ಒಂದು ಪ್ರಯೋಗ. ಒಂದು ದಿನಸಿ ಅಂಗಡಿಯಲ್ಲಿ ದರೋಡೆ, ಕೊಲೆ. ಕಟ್ಟಿದ ಕಥೆ, ಜ್ಯೂರಿಯ (ಆರೋಪಿ ತಪ್ಪಿತಸ್ಥನಾ ಅಂತ ತೀರ್ಮಾನಿಸುವ ಜನಸಾಮಾನ್ಯರ ಮಂಡಳಿ) ಜಾಗದಲ್ಲಿ ವಿದ್ಯಾರ್ಥಿಗಳು. ಕಣ್ಣಾರೆ ಕಂಡವರು ಯಾರೂ ಇಲ್ಲ, ಬರೀ ಸಾಂದರ್ಭಿಕ ಸಾಕ್ಷ್ಯ ಅಂದಾಗ ಆರೋಪಿ ತಪ್ಪಿತಸ್ಥ ಅಂದವರು ಶೇ 18. ಅದೇ ಕೇಸಿಗೆ ‘ನಾನು ನೋಡಿದೆ’ ಅನ್ನುವ ಒಬ್ಬನನ್ನು ಸೇರಿಸಿದರು. ಶೇ 72ಕ್ಕೆ ಏರಿತು. ಆಮೇಲೆ ಇನ್ನೊಂದು ಗುಂಪಿಗೆ, ಆ ಸಾಕ್ಷಿಗೆ ದೃಷ್ಟಿ ತೀರಾ ಮಂದ, ಆವತ್ತು ಕನ್ನಡಕವೂ ಹಾಕಿರಲಿಲ್ಲ, ನಿಂತ ಜಾಗದಿಂದ ದರೋಡೆಕೋರನ ಮುಖ ಕಾಣುವುದು ಸಾಧ್ಯವೇ ಇರಲಿಲ್ಲ ಅಂತ ಪಾಟೀ ಸವಾಲಿನಲ್ಲಿ ಬಯಲಾಯಿತು ಅಂತಲೂ ತಿಳಿಸಿದರು. ಆಗಲೂ ಶೇ 68 ಮಂದಿ ತಪ್ಪಿತಸ್ಥ ಅಂದರು. ಮುಂದೆ ಬೇರೆಯವರು ಇಂಥದ್ದೇ ಪ್ರಯೋಗ ಮಾಡಿದಾಗ ಫಲಿತಾಂಶ ಪ್ರತಿ ಸಲ ಹೀಗೇ ಬರಲಿಲ್ಲ, ಅದನ್ನೂ ಹೇಳಬೇಕು. ಆದರೂ ಈ ಪುಟಗಳನ್ನು ಓದಿದವರು ಪಾಟೀ ಸವಾಲಿನಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಸುಮ್ನೆ ನಂಬಿ ಕೂರುವುದಿಲ್ಲ.

ಇನ್ನು ಅವರಿಗೆ ಹೆಸರು ತಂದುಕೊಟ್ಟ ಕೆಲಸ. 1974ರಲ್ಲಿ ಜಾನ್ ಪಾಮರ್ ಜೊತೆ ಸೇರಿ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತುಣುಕುಗಳನ್ನು ತೋರಿಸಿದರು. ಕಾರುಗಳು ಜೋರಾಗಿ ಗುದ್ದಿಕೊಂಡಾಗ ಎಷ್ಟು ವೇಗ ಇತ್ತು ಅಂತ ಕೇಳಿದರೆ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ. ಒಂದಕ್ಕೊಂದು ತಾಗಿದಾಗ ಅಂತ ಕೇಳಿದರೆ ಸುಮಾರು 32. ತುಣುಕುಗಳು ಅವೇ! ಎರಡನೇ ಪ್ರಯೋಗದಲ್ಲಿ ಬೇರೆ ವಿದ್ಯಾರ್ಥಿಗಳಿಗೆ ಅಪಘಾತದ ಫಿಲ್ಮ್ ತೋರಿಸಿ, ಕೆಲವರಿಗೆ ಒಂದು ಪದ, ಕೆಲವರಿಗೆ ಇನ್ನೊಂದು ಪದ ಬಳಸಿ ವೇಗ ಕೇಳಿದರು. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಅಂತ ಕೇಳಿದರು. ಜೋರಾಗಿ ಗುದ್ದಿದ ಮಾತು ಕೇಳಿದ್ದ 50 ಜನರಲ್ಲಿ 16 ಮಂದಿ ಹೌದು ಅಂದರು. ಸಾಧಾರಣ ಡಿಕ್ಕಿ ಅಂತ ಕೇಳಿದ್ದ 50 ಜನರಲ್ಲಿ ಹಾಗೆ ಅಂದವರು 7. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ.

ಇವರು ಯಾರೂ ಸುಳ್ಳು ಹೇಳುತ್ತಿಲ್ಲ. ಲಾಫ್ಟಸ್ ಕೆಲಸದ ಜೀವಾಳ ಇದೇ. ಪ್ರಾಮಾಣಿಕ ಮನುಷ್ಯ, ಪೂರ್ತಿ ಖಾತ್ರಿಯಿಂದ, ನಡೆಯದೇ ಇದ್ದದ್ದನ್ನು ನಡೆಯಿತು ಅನ್ನಬಹುದು. ಅದಕ್ಕೆ ಕಾರಣ ಎಷ್ಟೋ ಸಲ ನಾವು ಕೇಳಿದ ಪ್ರಶ್ನೆಯೇ ಆಗಿರುತ್ತದೆ.

ಪುಸ್ತಕದ ನಡುವಿನ ಭಾಗ ನೀರಸ. ನೆನಪು ಅಳಿಸಿಹೋಗುತ್ತದಾ, ಒಳಗೆಲ್ಲೋ ಅಡಗಿ ಕೂತಿರುತ್ತದಾ ಅನ್ನುವ ಚರ್ಚೆ ಎಳೆದಾಡುತ್ತದೆ. ಲಾಫ್ಟಸ್ ಒಲವು ಹಳೇ ನೆನಪೇ ಬದಲಾಗುತ್ತದೆ ಅನ್ನುವ ಕಡೆಗೆ. ಆದರೆ 1985ರಲ್ಲಿ ಮೆಕ್ಲಾಸ್ಕಿ ಮತ್ತು ಝರಗೋಝಾ ಅನ್ನುವ ಮನಶ್ಶಾಸ್ತ್ರಜ್ಞರು ಲಾಫ್ಟಸ್ ಅವರ ಪರೀಕ್ಷೆಯ ವಿಧಾನವನ್ನೇ ಪ್ರಶ್ನೆ ಮಾಡಿದರು. ಕಂಡದ್ದನ್ನು ಗಮನಿಸದವರು ಅಥವಾ ಮೊದಲೇ ಮರೆತವರು ಆಮೇಲೆ ಕೇಳಿದ್ದನ್ನು ಒಪ್ಪಿಕೊಳ್ಳುತ್ತಾರೆ ಅಷ್ಟೇ, ಇದ್ದ ನೆನಪು ಹಾಳಾಗಿದೆ ಅನ್ನುವುದಕ್ಕೆ ಪುರಾವೆ ಎಲ್ಲಿ ಅಂತ ಅವರ ವಾದ. ನನಗೆ ಇದರಲ್ಲಿ ತೂಕ ಕಾಣುತ್ತದೆ. 1986ರಲ್ಲಿ ಕೆನಡಾದ ಸಂಶೋಧಕರಾದ ಯೂಯಿಲ್ ಮತ್ತು ಕಟ್‌ಶಾಲ್ ನಿಜವಾದ ಒಂದು ಗುಂಡಿನ ದಾಳಿ ಕಂಡ 13 ಜನರನ್ನು ತಿಂಗಳುಗಳ ನಂತರ ಮಾತಾಡಿಸಿದರು. ನೆನಪು ಚೆನ್ನಾಗಿಯೇ ಇತ್ತು, ದಾರಿ ತಪ್ಪಿಸುವ ಪ್ರಶ್ನೆಗೂ ಅವರು ಅಷ್ಟಾಗಿ ಬಗ್ಗಲಿಲ್ಲ. ಲ್ಯಾಬಿನಲ್ಲಿ ಫಿಲ್ಮ್ ನೋಡಿದ ಹುಡುಗರೂ ಎದುರಿಗೇ ಗುಂಡು ಹಾರಿದ್ದು ಕಂಡವರೂ ಒಂದೇ ಅಲ್ಲ, ಅಲ್ವಾ? ಲಾಫ್ಟಸ್ ಅವರ ಇನ್ನೊಂದು ಪ್ರಸಿದ್ಧ ಪ್ರಯೋಗ, ಚಿಕ್ಕಂದಿನಲ್ಲಿ ಮಾಲ್‌ನಲ್ಲಿ ಕಳೆದುಹೋದ ಸುಳ್ಳು ನೆನಪನ್ನು ಬಿತ್ತಿದ್ದು, ನಡೆದದ್ದು ಬರೀ 24 ಜನರ ಮೇಲೆ. ಅದನ್ನು ಎಲ್ಲೆಲ್ಲೂ ಎತ್ತಿ ಹೇಳುವವರು ಈ ಸಂಖ್ಯೆಯನ್ನೂ ಹೇಳಬೇಕು.

ಪ್ರಭಾವ ಮಾತ್ರ ದೊಡ್ಡದು. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿ ಅಂತ ಹೊರಬಂದವರ ಕೇಸುಗಳಲ್ಲಿ ಹೆಚ್ಚಿನವುಗಳಲ್ಲಿ ಸಾಕ್ಷಿ ತಪ್ಪಾಗಿ ಗುರುತಿಸಿದ್ದೇ ಒಂದು ಕಾರಣ ಅಂತ ಗೊತ್ತಾಯಿತು. 1999ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಪ್ರತ್ಯಕ್ಷ ಸಾಕ್ಷಿಗಳನ್ನು ಹೇಗೆ ವಿಚಾರಿಸಬೇಕು ಅಂತ ಪೊಲೀಸರಿಗೆ ಮಾರ್ಗಸೂಚಿ ಕೊಟ್ಟಿತು. 2011ರ ಹೆಂಡರ್ಸನ್ ತೀರ್ಪಿನಲ್ಲಿ ನ್ಯೂಜೆರ್ಸಿ ರಾಜ್ಯದ ಸುಪ್ರೀಂ ಕೋರ್ಟ್ ನೆನಪಿನ ಮೇಲಿನ ಸಂಶೋಧನೆಗಳನ್ನು ವಿವರವಾಗಿ ಪರಿಶೀಲಿಸಿ, ಸಾಕ್ಷಿ ಗುರುತಿಸಿದ್ದನ್ನು ಕೋರ್ಟು ಹೇಗೆ ತೂಗಬೇಕು ಅನ್ನುವ ನಿಯಮವನ್ನೇ ಬದಲಿಸಿತು. ಇದು ಲಾಫ್ಟಸ್ ಒಬ್ಬರ ಕೆಲಸ ಅಲ್ಲ, ಆದರೆ ದಾರಿ ತೆರೆದವರಲ್ಲಿ ಅವರು ಮುಂದೆ ಇದ್ದಾರೆ. 2002ರಲ್ಲಿ ಪ್ರಕಟವಾದ 20ನೇ ಶತಮಾನದ 100 ಪ್ರಮುಖ ಮನಶ್ಶಾಸ್ತ್ರಜ್ಞರ ಪಟ್ಟಿಯಲ್ಲಿ ಅವರದು 58ನೇ ಸ್ಥಾನ, ಹೆಂಗಸರಲ್ಲಿ ಮೊದಲನೆಯದು.

ಒಂದು ವಿಷಯದಲ್ಲಿ ಹುಷಾರಾಗಿರಿ. ಲಾಫ್ಟಸ್ ಜಾಸ್ತಿ ಸಲ ಆರೋಪಿ ಪರವಾಗಿ ತಜ್ಞ ಸಾಕ್ಷಿಯಾಗಿ ಬಂದವರು, 2020ರಲ್ಲಿ ಅತ್ಯಾಚಾರದ ಆರೋಪ ಹೊತ್ತಿದ್ದ ಹಾಲಿವುಡ್ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ವಿಚಾರಣೆಯಲ್ಲೂ ಬಂದರು. ಇದರಿಂದ ನೊಂದವರಿಗೆ ಸಿಟ್ಟು ಬಂದಿದ್ದರೆ ಅದು ನನಗೆ ಅರ್ಥವಾಗುತ್ತದೆ. ನೆನಪು ತಪ್ಪಬಹುದು ಅನ್ನುವುದು ಬೇರೆ, ಈ ಹೆಣ್ಣುಮಗಳ ನೆನಪು ತಪ್ಪು ಅನ್ನುವುದು ಬೇರೆ. ಪುಸ್ತಕ ಓದಿ ಎರಡನೆಯದನ್ನು ಹೇಳಲು ಹೊರಟರೆ ಓದಿದ್ದು ದಂಡ.

ನಮ್ಮಲ್ಲಿ ಜ್ಯೂರಿ ಇಲ್ಲ, ಹಾಗಾಗಿ ಅಮೆರಿಕದ ಕೋರ್ಟಿನ ಕ್ರಮ ಬಂದಲ್ಲಿ ಬೇಗ ದಾಟಬಹುದು. ಮುಖಗಳನ್ನು ಗುರುತಿಸುವ ಅಧ್ಯಾಯವನ್ನು ಮಾತ್ರ ನಿಧಾನವಾಗಿ ಓದಿ. ಗುರುತು ಪರೇಡಿಗೆ ಮುಂಚೆಯೇ ಸ್ಟೇಷನ್ನಿನಲ್ಲಿ ಫೋಟೋ ತೋರಿಸಿಬಿಟ್ಟರೆ, ಆಮೇಲೆ ಸಾಕ್ಷಿ ಗುರುತಿಸುವುದು ಆವತ್ತು ಕಂಡ ಮುಖವನ್ನಾ, ಫೋಟೋದ ಮುಖವನ್ನಾ ಅನ್ನುವ ಪ್ರಶ್ನೆ ನಮ್ಮ ವಕೀಲರೂ ಎತ್ತುತ್ತಾರೆ. ಅದಕ್ಕೆ ಬೇಕಾದ ಆಧಾರ ಇಲ್ಲಿ ಸಿಗುತ್ತದೆ. ಕ್ರಿಮಿನಲ್ ಕೇಸು ನಡೆಸುವ ಜೂನಿಯರ್ ವಕೀಲರು, ಹೇಳಿಕೆ ಬರೆದುಕೊಳ್ಳುವ ಸಬ್ ಇನ್ಸ್‌ಪೆಕ್ಟರ್‌ಗಳು, ಸೈಕಾಲಜಿ ಎಂ.ಎ. ಓದುತ್ತಿರುವವರು ದುಡ್ಡು ಕೊಟ್ಟು ಕೊಳ್ಳಲಿ. ಕುತೂಹಲಕ್ಕೆ ಓದುವವರು ಲೈಬ್ರರಿಯಲ್ಲಿ ತೆಗೆದುಕೊಂಡರೆ ಸಾಕು.